ಕಡಲೂರಿನ ಮದುವೆಯ ಪುಸ್ತಕ

ಜಾರ್ಜ್ ಕ್ರ್ಯಾಬ್ ಎಂಬ ಕವಿಯ ಹೆಸರನ್ನು ಆಂಗ್ಲಸಾಹಿತ್ಯದ ವಿದ್ಯಾರ್ಥಿಗಳು ಕೇಳಿರುತ್ತಾರೆ, ಓದಿರುವವರು ಕಡಮೆ. ಮೂವತ್ತು ವರ್ಷ ಅಧ್ಯಾಪಕನಾಗಿದ್ದ ನಾನೂ ಓದದವರ ಗುಂಪಿಗೇ ಸೇರಿದವನೆಂದು ಈಗ ಒಪ್ಪಿಕೊಂಡರೆ ನನ್ನ ಹಳೆಯ ವಿದ್ಯಾರ್ಥಿಗಳು ಮನ್ನಿಸಬೇಕು. ಪೋಪನಿಗೂ ವರ್ಡ್ಸ್‌ವರ್ತನಿಗೂ ನಡುವಣ ಸೇತುವೆ ಎಂದು ಒಂದೇ ವಾಕ್ಯದಲ್ಲಿ ಅವನನ್ನು ಹೇಳಿ ಮುಗಿಸಿ, ಸೇತುವೆಯನ್ನು ದಾಟಿ ಮುಂದಕ್ಕೆ ನಡೆದುಬಿಡುತ್ತಿದ್ದೆ. ಅದರ ಕೆಳಗೆ ಏನು ಹರಿಯುತ್ತಿದೆಯೆಂದು ಬಗ್ಗಿ ನೋಡಿದವನಲ್ಲ.

ನಿವೃತ್ತನಾದ ಮೇಲೆ, ಮಗಳು ಇಂಗ್ಲೆಂಡಿನ ಪೂರ್ವತೀರದ ಸಫಕ್ ಜಿಲ್ಲೆಯಲ್ಲಿ ನೆಲಸಿದ್ದ ಕಾರಣ, ಒಂದು ಬೇಸಗೆಯನ್ನು ಅಲ್ಲಿ ಕಳೆಯುವ ಸಂದರ್ಭ ಒದಗಿತು. ಕ್ರ್ಯಾಬ್ ಹುಟ್ಟಿದ ಆಲ್‌ಬರಾ ಎಂಬ ಕಡಲೂರು ಅವಳ ಮನೆಗೆ ದೂರವಿರಲಿಲ್ಲ. ಕೆಲಸವಿಲ್ಲದ ಮುದುಕನಿಗೆ ಇಷ್ಟು ನೆಪ ಸಾಕಾಯಿತು.

ಆಲ್‌ಬರಾದಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಮುದ್ರದ ಅಂಚಿನಲ್ಲಿಯೇ ನಿಂತಿರುವ ಮೂಟ್ ಹಾಲ್ ಎಂಬ ಹಳೆಯ ಸಭಾಮಂದಿರ. ಊರಿನ ಹಿರಿಯರು ಕೂಡುವ ಮಂದಿರವನ್ನು ಯಾರಾದರೂ ಅಲೆಯ ಬಾಯಿಯಲ್ಲಿ ಕಟ್ಟುವರೇ? ಕಟ್ಟಿರಲಿಲ್ಲ. 16ನೆಯ ಶತಮಾನದಲ್ಲಿ ಕಟ್ಟಿದಾಗ ಅದು ಊರಿನ ನಟ್ಟನಡುವೆ ಇದ್ದಿತು. ಅದರಾಚೆಗಿದ್ದ ಬೀದಿಗಳನ್ನು ಕಡಲು ಒಂದೊಂದಾಗಿ ತೆಗೆದುಕೊಂಡಿತು, ನಡುವೂರು ಅಂಚೂರಾಯಿತು. 1779ರ ಜನವರಿ 1ರಂದು ಒಂದೇ ಬಿರುಗಾಳಿಯಲ್ಲಿ ಹನ್ನೊಂದು ಮನೆಗಳು ಬಿದ್ದುದನ್ನು, ಆಗ ಇಪ್ಪತ್ತನಾಲ್ಕು ವಯಸ್ಸಿನ ಕ್ರ್ಯಾಬ್ ಕಣ್ಣಾರೆ ಕಂಡಿದ್ದನು. ಊರಿನ ದಕ್ಷಿಣಕ್ಕೆ ಸ್ಲಾಡನ್ ಎಂಬ ಧಕ್ಕೆಯ ಕೇರಿ ಇದ್ದಿತು. ಕ್ರ್ಯಾಬನ ತಂದೆ ಉಪ್ಪಿನ ಸುಂಕ ವಸೂಲು ಮಾಡುವವನು. ಮಗನನ್ನು ಆ ಧಕ್ಕೆಯಲ್ಲಿ ಬೆಣ್ಣೆ ಗಿಣ್ಣುಗಳ ಪೀಪಾಯಿ ಉರುಳಿಸುವ ಕೆಲಸಕ್ಕೆ ಹಚ್ಚಿದ್ದನು. ಇಂದು ಆ ಕೇರಿಯ ಮನೆಗಳೂ ಇಲ್ಲ. ಕಾಲಿಟ್ಟರೆ ಕರಕರ ಸದ್ದು ಮಾಡುವ ಉರುಟು ಕಲ್ಲುಗಳ ದಂಡೆ ಮಾತ್ರ ಇದೆ.

ಉತ್ತರಕ್ಕೆ ಸುಮಾರು ಹತ್ತು ಮೈಲಿಯಲ್ಲಿರುವ ಡನಿಚ್ ಎಂಬ ಊರಿನ ಗತಿಯನ್ನು ನೋಡಿದರೆ ಆಲ್‌ಬರಾ ಪುಣ್ಯವಂತ ಊರೆನ್ನಬೇಕು. ಮಧ್ಯಯುಗದಲ್ಲಿ ದೊಡ್ಡ ಬಂದರಾಗಿದ್ದ ಡನಿಚ್, 13-14ನೆಯ ಶತಮಾನಗಳ ಬಿರುಗಾಳಿಗಳಿಗೆ ಸಿಕ್ಕಿ ಚರ್ಚುಗಳ ಸಮೇತ ನೀರಿಗೆ ಇಳಿಯಿತು. ಉಳಿದಿದ್ದ ಹಳೆಯ ಚರ್ಚುಗಳಲ್ಲಿ ಕೊನೆಯದು 1904ರಿಂದ 1919ರವರೆಗೆ ಚೂರು ಚೂರಾಗಿ ದಿಬ್ಬದಿಂದ ಕೆಳಗುರುಳಿತು. ಅದರ ಹಿತ್ತಿಲಿನ ಗೋರಿಗಳೂ ಜೊತೆಯಲ್ಲಿಯೇ ಹೋದುವು. ಮಣ್ಣಿನ ಗೋಡೆಯಿಂದ ಎಲುಬುಗಳು ಹೊರಕ್ಕೆ ಚಾಚಿಕೊಂಡಿರುತ್ತಿದ್ದುವಂತೆ. ಇಷ್ಟಾದರೂ ಈ ಊರು 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇದ್ದಿತು. ಮೀನುಗಳಿಗೂ ಪ್ರಾತಿನಿಧ್ಯ ಬೇಡವೇ!

ಆಲ್‌ಬರಾದ ಚರ್ಚು ಉಳಿದುಕೊಂಡದ್ದು ಎತ್ತರದ ನೆಲದ ಮೇಲಿದ್ದುದರಿಂದ. ಸಂತ ಪೀಟರ್ ಮತ್ತು ಸಂತ ಪಾಲರ ಹೆಸರಿನ ಆ ಚರ್ಚಿನೊಳಗೆ ಕ್ರ್ಯಾಬನ ಅಮೃತಶಿಲೆಯ ಮುಖವಿದೆ. ಅವನ ಕಾವ್ಯದಿಂದ ಹುಟ್ಟಿದ ‘ಪೀಟರ್ ಗ್ರೈಮ್ಸ್’ ಎಂಬ ಸಂಗೀತನಾಟಕವನ್ನು 1945ರಲ್ಲಿ ರಂಗಕ್ಕೆ ತಂದ ಬೆಂಜಮಿನ್ ಬ್ರಿಟನ್ ಹೊರಗಿನ ಹುಲ್ಲಿನಲ್ಲಿ ಮಲಗಿದ್ದಾನೆ. ಅಮೆರಿಕದಲ್ಲಿದ್ದ ಬ್ರಿಟನ್ನನಿಗೆ ತನ್ನ ಸೀಮೆಯ ಹಂಬಲ ಹುಟ್ಟಿಸಿದ್ದು 1941ರಲ್ಲಿ ಅವನ ಕೈಗೆ ಬಂದ, ಕ್ರ್ಯಾಬನನ್ನು ಕುರಿತ ಒಂದು ಲೇಖನ. ಬರೆದವನು ನಮಗೆಲ್ಲ ಪರಿಚಿತನಾದ ಇ. ಎಂ. ಫಾರ್ಸ್ಟರ್. ಪ್ರವಾಸಿಗಳು ಈ ಗುರುತುಗಳನ್ನು ಅರಸಿಕೊಂಡು ಬರುತ್ತಾರೆ. ನಾನೂ ಅದಕ್ಕಾಗಿಯೇ ಹೋದವನು. ಆದರೆ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು.

ಪ್ಯಾರಿಷ್ ಎಂದರೆ ಒಂದು ಚರ್ಚಿನ ಆಳ್ವಿಕೆಗೆ ಒಳಪಟ್ಟ ಊರುಕೇರಿ. ಅದರ ಜನನ ಮದುವೆ ಮರಣಗಳೆಲ್ಲ ಚರ್ಚಿನ ಪುಸ್ತಕದಲ್ಲಿ ದಾಖಲಾಗುತ್ತಿದ್ದುವು. ಈ ಪುಸ್ತಕಗಳು ಈಗ ಚರ್ಚಿನಲ್ಲಿಲ್ಲ. 1978ರ ಒಂದು ಶಾಸನದ ತರುವಾಯ, ವಯಸ್ಸಾದ ಪುಸ್ತಕಗಳು ಜಿಲ್ಲೆಯ ದಫ್ತರಖಾನೆಗಳಿಗೆ ಹೋಗಿ ಸೇರಿವೆ. ಸಫಕ್ ಜಿಲ್ಲೆಯ ದಫ್ತರಖಾನೆ ಇಪ್ಸ್‌ವಿಚ್ ನಗರದಲ್ಲಿ 2020ರಲ್ಲಿ ತೆರೆದ ಹೊಸ ಕಟ್ಟಡ. ಮಗಳು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ನನ್ನನ್ನು ಅಲ್ಲಿ ಇಳಿಸಿ, ಸಂಜೆ ಬಂದು ಕರೆದುಕೊಂಡು ಹೋಗುವಳು. ಶಾಲೆಯ ಹುಡುಗನಂತೆ ನಾನು ಬುತ್ತಿ ಹಿಡಿದು ಹೋಗುತ್ತಿದ್ದೆ. ಪುಸ್ತಕವೇ ಕೈಗೆ ಸಿಗಲಿಲ್ಲ. ಅದರ ಛಾಯಾಪ್ರತಿಯನ್ನು ಪರದೆಯ ಮೇಲೆ ನೋಡಿದೆ. ಅಷ್ಟೇ ಸಾಕೆನಿಸಿತು.

ಇಂತಹ ಪುಸ್ತಕಗಳನ್ನು ಇಡಬೇಕೆಂದು ಮೊದಲು ಆಜ್ಞೆ ಮಾಡಿದವನು ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, 1538ರ ಸೆಪ್ಟೆಂಬರಿನಲ್ಲಿ. ಪ್ರತಿ ಭಾನುವಾರವೂ ಪಾದ್ರಿ ಆ ವಾರದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಚರ್ಚಿನ ಪಾರುಪತ್ಯಗಾರರ ಎದುರಿನಲ್ಲಿ ಬರೆಯಬೇಕು. ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. ಒಂದು ಬೀಗದಕೈ ಪಾದ್ರಿಯದು, ಇನ್ನೊಂದು ಪಾರುಪತ್ಯಗಾರರದು. ತಪ್ಪಿದರೆ 3 ಷಿಲಿಂಗು 4 ಪೆನ್ನಿ ದಂಡ. ಜನ ಹೆದರಿದರು. ಹೆಸರು ಬರೆದುಕೊಳ್ಳುವ ಸರ್ಕಾರ ಇಂದಲ್ಲ ನಾಳೆ ಅದರ ಮೇಲೆ ತೆರಿಗೆ ಹಾಕುತ್ತದೆಂಬ ಗುಮಾನಿ. ಅವರ ಗುಮಾನಿ ಸುಳ್ಳಾಗಲಿಲ್ಲ. ನಿಜವಾಗುವುದಕ್ಕೆ ಒಂದೂವರೆ ಶತಮಾನ ಹಿಡಿಯಿತು, ಅಷ್ಟೇ. ಫ್ರಾನ್ಸಿನೊಡನೆ ಯುದ್ಧ ನಡೆಸಲು ಹಣ ಬೇಕಾಗಿ 1695ರಿಂದ 1706ರವರೆಗೆ ಹುಟ್ಟು ಮದುವೆ ಸಾವುಗಳ ಮೇಲೆ ಸುಂಕ ಬಿತ್ತು. ಆ ಸುಂಕದ ಶಾಸನ ಇಪ್ಪತ್ತೈದು ದಾಟಿದ ಬ್ರಹ್ಮಚಾರಿಯನ್ನೂ ಬಿಡಲಿಲ್ಲ. ಮದುವೆಯಾದರೆ ಒಂದು ಸಲ ತೆರಬೇಕು, ಆಗದಿದ್ದರೆ ವರ್ಷವರ್ಷವೂ ತೆರಬೇಕು!

ಮೊದಲು ಕಾಗದದ ಮೇಲೆ ಬರೆಯುತ್ತಿದ್ದರು. ಅದು ತೇವಕ್ಕೂ ಇಲಿಗೂ ಆಹಾರವಾಯಿತು. 1598ರಲ್ಲಿ ಎಲಿಜಬೆತ್ ರಾಣಿ, ಇನ್ನು ಚರ್ಮದ ಹಾಳೆಯಲ್ಲಿಯೇ ಬರೆಯಬೇಕು, ಹಳೆಯವನ್ನೂ ಅದಕ್ಕೆ ಇಳಿಸಬೇಕು, ವಿಶೇಷವಾಗಿ ತನ್ನ ಆಳ್ವಿಕೆ ಆರಂಭವಾದಂದಿನಿಂದ, ಎಂದು ಕಟ್ಟಳೆ ಮಾಡಿದಳು. ಆ ‘ವಿಶೇಷವಾಗಿ’ ಎಂಬ ಒಂದು ಮಾತನ್ನು ಸೋಮಾರಿ ಪಾದ್ರಿಗಳು ಹಿಡಿದುಕೊಂಡರು. ಆದಕಾರಣವೇ ಇಂಗ್ಲೆಂಡಿನ ಎಷ್ಟೋ ಊರುಗಳ ದಾಖಲೆ, ರಾಣಿ ಪಟ್ಟಕ್ಕೆ ಬಂದ 1558ರಿಂದ ತೊಡಗುತ್ತದೆ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷದ ಮದುಮಕ್ಕಳು ಒಂದು ಕ್ರಿಯಾವಿಶೇಷಣದಿಂದ ಮರೆಯಾಗಿ ಹೋದರು. ವ್ಯಾಕರಣ ಪಾಠ ಹೇಳಿದ ನನಗೆ ಇದನ್ನು ಓದಿ ನಗುವುದೋ ಮರುಗುವುದೋ ತಿಳಿಯಲಿಲ್ಲ.

ಮುಂದೆ, ಥಾಮಸನ ಸೋದರಿಯ ವಂಶದಲ್ಲಿ ಹುಟ್ಟಿದ ಆಲಿವರ್ ಕ್ರಾಮ್‌ವೆಲ್ಲನ ಕಾಲದಲ್ಲಿ, 1653ರಲ್ಲಿ, ಮದುವೆಯನ್ನು ಚರ್ಚಿನಿಂದಲೇ ಕಿತ್ತು ನ್ಯಾಯಾಧಿಕಾರಿಯ ಕೈಗೆ ಕೊಟ್ಟರು. ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿಯಾದರೂ ಸಾರಬಹುದು, ಇಲ್ಲವೆ ಮೂರು ಸಂತೆಯ ದಿನ ಸಂತೆಯಲ್ಲಿ ಕೂಗಬಹುದು. 1660ರಲ್ಲಿ ರಾಜತ್ವ ಮರಳಿದಾಗ ಮದುವೆಯೂ ಚರ್ಚಿಗೆ ಮರಳಿತು.

ಹಳೆಯ ನಮೂದುಗಳಲ್ಲಿ ಓದುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ತಾರೀಖು, ಇಬ್ಬರ ಹೆಸರು, ಮದುವೆಯಾದರು ಎಂಬ ಒಂದು ಪದ. ತಾರೀಖಿನಲ್ಲಿಯೂ ಒಂದು ಬಲೆ ಇದೆ: 1751ರವರೆಗೆ ಅವರ ವರ್ಷ ಮಾರ್ಚ್ 25ಕ್ಕೆ ತೊಡಗುತ್ತಿದ್ದಿತು. 1700ರ ಡಿಸೆಂಬರಿನಲ್ಲಿ ಮದುವೆಯಾದವರಿಗೆ 1700ರ ಫೆಬ್ರವರಿಯಲ್ಲಿ ಮಗು ಹುಟ್ಟಿತೆಂದು ಪುಸ್ತಕ ಹೇಳಿದರೆ ಅಪವಾದಕ್ಕೆ ಅವಸರಪಡಬಾರದು. (ಹಾಗೆಂದು ಅವಕಾಶವೇ ಇಲ್ಲವೆಂದೂ ಅಲ್ಲ, ಲೆಕ್ಕ ಹಾಕಿ ನೋಡಿ.)

1754ಕ್ಕೆ ಬಂದೊಡನೆ ಹಾಳೆಯ ಮುಖವೇ ಬದಲಾಗುತ್ತದೆ. ಅದುವರೆಗೆ ಗುಟ್ಟು ಮದುವೆಗಳ ಹಾವಳಿ ವಿಪರೀತವಾಗಿದ್ದಿತು. ಲಂಡನ್ನಿನ ಫ್ಲೀಟ್ ಸೆರೆಮನೆಯ ಆಸುಪಾಸಿನಲ್ಲಿ ಕಾಸಿಗೆ ಮದುವೆ ಮಾಡಿಸುವ ಪಾದ್ರಿಗಳೇ ಇದ್ದರು. ಇದನ್ನು ಅಡಗಿಸಲು ಹಾರ್ಡ್‌ವಿಕ್ ಪ್ರಭುವಿನ ಶಾಸನ 1753ರಲ್ಲಿ ಆಗಿ, 1754ರ ಮಾರ್ಚ್ 25ರಂದು ಜಾರಿಗೆ ಬಂದಿತು. ಮೂರು ಭಾನುವಾರ ಸಾರಬೇಕು, ಇಲ್ಲವೆ ಪರವಾನಗಿ ಪಡೆಯಬೇಕು. ಪಾದ್ರಿಯ ಜೊತೆಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಮುಖ್ಯವಾಗಿ, ವಧೂವರರು ತಾವೇ ಸಹಿ ಹಾಕಬೇಕು. ಈ ಪುಸ್ತಕದಲ್ಲಿ ಖೋಟಾ ಬರೆದವನಿಗೆ ಮರಣದಂಡನೆ. ಕ್ವೇಕರರಿಗೂ ಯೆಹೂದ್ಯರಿಗೂ ಮಾತ್ರ ಇದರಿಂದ ವಿನಾಯಿತಿ.

ಆ ವರ್ಷದ ಡಿಸೆಂಬರ್ 24ರಂದು ಆಲ್‌ಬರಾದಲ್ಲಿ ಕ್ರ್ಯಾಬ್ ಹುಟ್ಟಿದನು.

ವಧೂವರರು ತಾವೇ ಸಹಿ ಹಾಕಬೇಕೆಂದುದರ ಅರ್ಥ ನನಗೆ ಹೊಳೆದದ್ದು ಪರದೆಯ ಮೇಲೆ ಆ ಹಾಳೆಗಳನ್ನು ನೋಡಿದಾಗ. ಅಚ್ಚಾದ ನಮೂನೆ, ಖಾಲಿ ಬಿಟ್ಟ ಜಾಗಗಳಲ್ಲಿ ಪಾದ್ರಿಯ ನುರಿತ ಕೈಬರಹ, ಕೆಳಗೆ ವರನ ಸಹಿ, ಸಮುದ್ರದಲ್ಲಿ ಹಗ್ಗ ಎಳೆದ ಕೈ ಲೇಖನಿಯನ್ನು ಹಿಡಿದು ಬರೆದಂತೆ ಒಂದೊಂದು ಅಕ್ಷರವೂ ಒಂದೊಂದು ದಿಕ್ಕಿಗೆ, ಅದರಡಿಯಲ್ಲಿ ವಧುವಿನ ಗುರುತು. ಒಂದು ಕತ್ತರಿ ಗೀಟು. ಅದರ ಸುತ್ತ, ಇದು ಇಂತಹವಳ ಗುರುತು ಎಂದು ಪಾದ್ರಿಯ ಬರಹ. ಪುಟ ತಿರುವಿದರೆ ಮತ್ತೆ ಗೀಟು, ಮತ್ತೆ ಗೀಟು. ಒಂದರಂತೆ ಒಂದಿಲ್ಲ. ಒಬ್ಬಳು ಹಗುರವಾಗಿ ಎಳೆದಿದ್ದಾಳೆ. ಇನ್ನೊಬ್ಬಳು ಒತ್ತಿದ ಒತ್ತಿಗೆ ಮಸಿ ಹರಡಿದೆ. 1840ರ ಸುಮಾರಿಗೂ ಇಂಗ್ಲೆಂಡಿನಲ್ಲಿ ಮದುವೆಯ ಪುಸ್ತಕಕ್ಕೆ ಸಹಿಯ ಬದಲು ಗುರುತು ಹಾಕಿದವರು ಗಂಡಸರಲ್ಲಿ ಮೂವರಿಗೊಬ್ಬರು, ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು. ಗುರುತು ಹಾಕಿದವಳಿಗೆ ಓದಲು ಬರುತ್ತಿರಲಿಲ್ಲವೆನ್ನುವಂತಿಲ್ಲ. ಆ ಕಾಲದಲ್ಲಿ ಓದು ಮೊದಲು, ಬರಹ ಆಮೇಲೆ. ಬಡವರ ಹೆಣ್ಣುಮಕ್ಕಳಿಗೆ ಎಷ್ಟೋ ವೇಳೆ ಬರಹದ ಸರದಿಯೇ ಬರುತ್ತಿರಲಿಲ್ಲ.

ನನಗೆ ನಮ್ಮ ಅಜ್ಜಿಯ ನೆನಪಾಯಿತು. ಜಮೀನಿನ ಪತ್ರವೊಂದಕ್ಕೆ ಹೆಬ್ಬೆಟ್ಟು ಒತ್ತಲು ಅವಳನ್ನು ತಾಲ್ಲೂಕು ಕಚೇರಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದರು. ಹಿಂದಿರುಗಿದವಳು ಯಾರೊಡನೆಯೂ ಮಾತನಾಡದೆ ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿಕೊಂಡು ಬೆರಳನ್ನು ತಿಕ್ಕಿ ತಿಕ್ಕಿ ತೊಳೆದಳು. ನೂರಾರು ಹಾಡು ಬಾಯಲ್ಲಿದ್ದ ಹೆಂಗಸು.

ಹೀಗೆ ಹೊರಗಿನಿಂದ ಕಾಣುವುದು ಒಂದು ನಮೂದು, ಎರಡು ಗುರುತು. ಅದರ ಒಳಗಿರುವುದೇನೆಂದು ಬಲ್ಲವನು ಬರೆದುಕೊಂಡ ಪಾದ್ರಿಯೊಬ್ಬನೇ. ಕ್ರ್ಯಾಬ್ ಅಂತಹ ಪಾದ್ರಿಯಾಗಿದ್ದನು. ವೈದ್ಯನಾಗಲು ಹೋಗಿ ಸೋತು, 1780ರಲ್ಲಿ ಸಾಲದ ಹಣ ಹಿಡಿದು ಲಂಡನ್ನಿಗೆ ಹೋಗಿ, ಉಪವಾಸದ ಅಂಚಿನಲ್ಲಿದ್ದಾಗ ಎಡ್ಮಂಡ್ ಬರ್ಕನಿಗೆ ಕಾಗದ ಬರೆದನು, ಬರ್ಕ್ ಕೈಹಿಡಿದನು. ಮರುವರ್ಷದ ಕೊನೆಗೆ ದೀಕ್ಷೆ ಪಡೆದು ತನ್ನ ಊರಿಗೇ ಕಿರಿಯ ಪಾದ್ರಿಯಾಗಿ ಬಂದನು. ಧಕ್ಕೆಯಲ್ಲಿ ಪೀಪಾಯಿ ಉರುಳಿಸಿದ ಹುಡುಗ ಉಪದೇಶಪೀಠವನ್ನು ಏರಿದುದನ್ನು ಊರು ಸಹಿಸಲಿಲ್ಲ; ಹೆಚ್ಚು ಕಾಲ ಅವನು ಅಲ್ಲಿ ನಿಲ್ಲಲೂ ಇಲ್ಲ. ಆದರೆ ಬೇರೆ ಬೇರೆ ಊರುಗಳಲ್ಲಿ ಅರ್ಧ ಶತಮಾನ ಅವನು ಇಂತಹ ಪುಸ್ತಕಗಳನ್ನು ತುಂಬಿಸಿದನು. 1783ರ ‘ಹಳ್ಳಿ’ ಎಂಬ ಕಾವ್ಯ ಹೆಸರು ತಂದ ಎರಡು ವರ್ಷಕ್ಕೆ ಮೌನ ತಾಳಿ, ಇಪ್ಪತ್ತೆರಡು ವರ್ಷಗಳ ಮೇಲೆ 1807ರಲ್ಲಿ ಅವನು ಹೊರತಂದ ಕಾವ್ಯದ ಹೆಸರೇ ‘ಪ್ಯಾರಿಷ್ ರಿಜಿಸ್ಟರ್’.

ಕಾವ್ಯದ ಏರ್ಪಾಡು ಸರಳ. ಹಳ್ಳಿಯ ಪಾದ್ರಿಯೊಬ್ಬ ವರ್ಷದ ಕೊನೆಯಲ್ಲಿ ತನ್ನ ಪುಸ್ತಕವನ್ನು ತೆರೆದು, ನಮೂದುಗಳ ಮೇಲೆ ಬೆರಳಾಡಿಸುತ್ತ, ಪ್ರತಿಯೊಂದು ಹೆಸರಿನ ಹಿಂದಿನ ಸಂಗತಿಯನ್ನು ನೆನೆಯುತ್ತಾನೆ. ಮೂರು ಭಾಗ: ದೀಕ್ಷಾಸ್ನಾನ, ಮದುವೆ, ಸಾವು. ಮದುವೆಯ ಭಾಗದಲ್ಲಿ ಒಂದು ಜೋಡಿಯನ್ನು ಊರಿನ ಅಧಿಕಾರಿಗಳು ವಾರಂಟು ತೋರಿಸಿ ಎಳೆದು ತಂದು ಪೀಠದೆದುರು ನಿಲ್ಲಿಸುತ್ತಾರೆ. ಇದು ಕವಿಯ ಕಲ್ಪನೆಯಲ್ಲ. 1662ರ ಶಾಸನದ ಪ್ರಕಾರ ಬಡವರನ್ನು ಸಾಕುವ ಹೊಣೆ ಅವರವರ ಪ್ಯಾರಿಷಿನದು. ಮದುವೆಯಾದ ಹೆಣ್ಣು ಗಂಡನ ಪ್ಯಾರಿಷಿಗೆ ಸೇರುತ್ತಾಳೆ. ಮದುವೆಯಿಲ್ಲದೆ ಬಸುರಾದ ಬಡ ಹುಡುಗಿಯನ್ನು ಕಾರಣನಾದವನಿಗೆ, ಅವನು ಬೇರೂರಿನವನಾದರೆ ಇನ್ನೂ ಲೇಸು, ಗಂಟುಹಾಕಿಬಿಟ್ಟರೆ ತಾಯಿ ಮಕ್ಕಳ ಖರ್ಚು ಆ ಊರಿಗೆ ದಾಟುತ್ತದೆ. ಪುಸ್ತಕದಲ್ಲಿ ಮಾತ್ರ ಎಲ್ಲರದೂ ಒಂದೇ ನಮೂನೆ. ಒಲಿದು ಬಂದವರಿಗೂ ಎಳೆದು ತಂದವರಿಗೂ ಅದೇ ಅಚ್ಚಿನ ವಾಕ್ಯ.

ಅದೇ ಭಾಗದಲ್ಲಿ ಫೀಬಿ ಡಾಸನ್ ಎಂಬವಳ ಕಥೆಯಿದೆ. ಜಾತ್ರೆಯ ಹಸುರಿನಲ್ಲಿ ಎಲ್ಲರ ಕಣ್ಣು ಸೆಳೆದ ಹುಡುಗಿ. ದರ್ಜಿಯೊಬ್ಬನನ್ನು ನಂಬಿ, ಕಡೆಗೆ ಅವನನ್ನೇ ಮದುವೆಯಾಗಿ, ಕೆಲವೇ ದಿನಗಳಲ್ಲಿ ಹರಕು ಬಟ್ಟೆಯುಟ್ಟು, ಕೂಸನ್ನು ಎತ್ತಿಕೊಂಡು, ಒಡಕು ಪಾತ್ರೆಯಲ್ಲಿ ನೀರು ತರಲು ಹೊರಟವಳಾಗುತ್ತಾಳೆ. ರಾಜಕಾರಣಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ 1806ರಲ್ಲಿ ಮರಣಶಯ್ಯೆಯಲ್ಲಿದ್ದಾಗ ಹಸ್ತಪ್ರತಿಯಿಂದ ಈ ಭಾಗವನ್ನು ಓದಿಸಿ ಕೇಳಿದನಂತೆ. ಅಚ್ಚಾಗದ ಕಾವ್ಯದ ಬಡ ಹೆಂಗಸೊಬ್ಬಳು ರಾಜ್ಯದ ಮಂತ್ರಿಯೊಬ್ಬನ ಕೊನೆಯ ದಿನಗಳಲ್ಲಿ ಜೊತೆಗಿದ್ದಳು.

ಇನ್ನೊಂದು ಹೆಸರು ಸಾಹಿತ್ಯದ ವಿದ್ಯಾರ್ಥಿಗಳನ್ನು ಹಿಡಿದು ನಿಲ್ಲಿಸೀತು. ಅದೇ ಭಾಗದಲ್ಲಿ ಫ್ಯಾನಿ ಪ್ರೈಸ್ ಎಂಬ ಹುಡುಗಿ ಬರುತ್ತಾಳೆ. 1814ರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯ ನಾಯಿಕೆಯ ಹೆಸರೂ ಅದೇ. ಜೇನ್ ಆಸ್ಟೆನ್ನಳಿಗೆ ಕ್ರ್ಯಾಬನೆಂದರೆ ಬಲು ಅಕ್ಕರೆ. ಅವನನ್ನೇ ಮದುವೆಯಾಗುವೆನೆಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದಳು. ಅವಳೂ ಪಾದ್ರಿಯ ಮಗಳು. ತಂದೆಯ ಸ್ಟೀವನ್‌ಟನ್ ಊರಿನ ಮದುವೆಯ ಪುಸ್ತಕದಲ್ಲಿ, ಹೀಗೆ ತುಂಬಬೇಕೆಂದು ತೋರಿಸಲು ಮೊದಲಲ್ಲಿ ಒಂದು ಮಾದರಿ ಹಾಳೆಯಿದ್ದಿತು. ಹುಡುಗಿ ಜೇನ್ ಅದರಲ್ಲಿ ತನ್ನ ಹೆಸರಿನ ಎದುರು ಮೂವರು ಕಲ್ಪಿತ ವರರನ್ನು ಬರೆದಿಟ್ಟಿದ್ದಾಳೆ. ಮೊದಲಿನವನಿಗೆ ಶ್ರೀಮಂತರ ಮನೆತನದ ಉದ್ದನೆಯ ಹೆಸರು; ಕೊನೆಯವನು ಬರಿಯ ಜ್ಯಾಕ್ ಸ್ಮಿತ್. ಆ ಹಾಳೆ ಹ್ಯಾಂಪ್‌ಷೈರ್ ದಫ್ತರಖಾನೆಯಲ್ಲಿ ಇಂದಿಗೂ ಇದೆ. ಖೋಟಾ ಬರೆದವರಿಗೆ ಮರಣದಂಡನೆಯೆಂದು ಬೆದರಿಸಿದ ಪುಸ್ತಕದಲ್ಲಿ ಈ ಹುಡುಗಾಟ! ನಿಜವಾದ ಹಾಳೆಯಲ್ಲಿ ಅವಳ ಮದುವೆಯ ನಮೂದು ಎಂದೂ ಬೀಳಲಿಲ್ಲ.

ಕಡಲೂರಿನ ಪುಸ್ತಕಕ್ಕೆ ಒಳನಾಡಿನದಕ್ಕಿಲ್ಲದ ಒಂದು ಕೊರಗುಂಟು. ಒಳನಾಡಿನಲ್ಲಿ ಮದುವೆಯ ಪುಸ್ತಕದ ಹೆಸರು ಕಾಲ ಬಂದಾಗ ಸಾವಿನ ಪುಸ್ತಕದಲ್ಲಿಯೂ ಕಾಣುತ್ತದೆ, ಲೆಕ್ಕ ಮುಗಿಯುತ್ತದೆ. ಕಡಲಿಗೆ ಹೋದವನ ಹೆಸರು ಎರಡನೆಯ ಪುಸ್ತಕಕ್ಕೆ ಬಾರದೆ ಹೋಗಬಹುದು. ಹೂಳಲು ದೇಹವಿದ್ದರೆ ತಾನೆ ಬರೆಯುವುದು? ಅವನ ಹೆಂಡತಿ ಹೆಂಡತಿಯೋ ವಿಧವೆಯೋ ಪಾದ್ರಿಯೂ ಹೇಳಲಾರ. ಏಳು ವರ್ಷ ಸಮುದ್ರದಾಚೆ ಇದ್ದವನ ಹೆಂಡತಿ ಮರುಮದುವೆಯಾದರೆ ದ್ವಿಪತಿತ್ವದ ಅಪರಾಧವಿಲ್ಲವೆಂದು 1604ರ ಶಾಸನ ವಿನಾಯಿತಿ ಕೊಟ್ಟಿದ್ದಿತು. ಅದು ಶಿಕ್ಷೆಯಿಂದ ವಿನಾಯಿತಿ, ಅಷ್ಟೇ. ಮೊದಲಿನವನು ಒಂದು ಸಂಜೆ ಬಾಗಿಲು ತಟ್ಟಿದರೆ ಎರಡನೆಯ ಮದುವೆ ಮದುವೆಯೇ ಅಲ್ಲ. ವಧುವಿನ ಹೆಸರಿನ ಮುಂದೆ ‘ವಿಧವೆ’ ಎಂಬ ಪದ ಕಂಡಾಗಲೆಲ್ಲ ನಾನು ತಡೆದು ನಿಂತೆ. ಆ ಒಂದು ಪದವನ್ನು ಬರೆಯಿಸಲು ಅವಳು ಎಷ್ಟು ವರ್ಷ ಧಕ್ಕೆಯಲ್ಲಿ ನಿಂತು ನೋಡಿದ್ದಳೋ.

ಇದಕ್ಕೆ ತಿರುಗಾಮುರುಗಾ ಇನ್ನೊಂದು. ಅಲೆ ತಂದು ಹಾಕಿದ ಹೆಸರಿಲ್ಲದ ದೇಹಗಳನ್ನು ಎಷ್ಟೋ ಕಡೆ ದಂಡೆಯಲ್ಲಿಯೇ ಗುಣಿ ತೋಡಿ, ಮಂತ್ರವಿಲ್ಲದೆ ಮುಚ್ಚಿಬಿಡುತ್ತಿದ್ದರು. 1807ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿನ ತೀರದಲ್ಲಿ ‘ಆನ್ಸನ್’ ಎಂಬ ಯುದ್ಧನೌಕೆ ಒಡೆದು ಸತ್ತವರನ್ನು ಹೀಗೆ ಹೂಳಿದುದನ್ನು ಕಂಡು ಜನ ನೊಂದರು. ಮರುವರ್ಷ ಶಾಸನವಾಗಿ, ದಡಕ್ಕೆ ಬಿದ್ದ ದೇಹವನ್ನು ಆಯಾ ಪ್ಯಾರಿಷು ಚರ್ಚಿನ ನೆಲದಲ್ಲಿಯೇ ಹೂಳಬೇಕೆಂದಾಯಿತು.

ಕ್ರ್ಯಾಬನ ಮನೆಯಲ್ಲಿಯೇ ಇಂತಹ ಎರಡು ಹೆಸರುಗಳಿದ್ದುವು. ಅವನ ಮಗ 1834ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಹೇಳುತ್ತಾನೆ: ಒಬ್ಬ ತಮ್ಮ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದನು, ಗುಲಾಮರು ದಂಗೆಯೆದ್ದು ಅವನನ್ನೂ ಅವನ ಕಡೆಯವರನ್ನೂ ತೆರೆದ ದೋಣಿಯಲ್ಲಿ ಬಿಟ್ಟರು, ಮತ್ತೆ ಸುದ್ದಿಯಿಲ್ಲ. ಇನ್ನೊಬ್ಬ ಸ್ಪೇನಿನವರ ಸೆರೆಸಿಕ್ಕಿ ಮೆಕ್ಸಿಕೋ ಸೇರಿ, ಬೆಳ್ಳಿಯ ಕೆಲಸ ಮಾಡಿ, ಮದುವೆಯಾಗಿ ಬಾಳಿ, ಮತದ ಕಾರಣ ಅಟ್ಟಿಸಿಕೊಂಡು ಹೊಂಡುರಾಸಿನ ಕರಾವಳಿಗೆ ಓಡಿದನು. 1803ರಲ್ಲಿ ಅಲ್ಲಿಗೆ ಹೋದ ಆಲ್‌ಬರಾದ ನಾವಿಕನೊಬ್ಬನೊಡನೆ ಊರಿನ ಸುದ್ದಿಯೆಲ್ಲ ಕೇಳಿದನಂತೆ. ಅಣ್ಣ ಪಾದ್ರಿಯಾಗಿದ್ದಾನೆಂದರೆ ನಂಬಲಿಲ್ಲ. ಅವನು ವೈದ್ಯನಲ್ಲವೇ ಎಂದನು. ಅದೇ ಕೊನೆಯ ಸುದ್ದಿ. ದಂಗೆಯೆದ್ದ ಆ ಗುಲಾಮರ ಹೆಸರುಗಳು ಯಾವ ಊರಿನ ಯಾವ ಪುಸ್ತಕದಲ್ಲಿಯೂ ಇಲ್ಲವೆಂಬುದನ್ನೂ ನೆನೆಯಬೇಕು.

ಕ್ರ್ಯಾಬನ ಮದುವೆಯೂ ಒಂದು ನಮೂದು. ಸಾರಾ ಎಲ್ಮಿ ಎಂಬವಳನ್ನು ಹದಿನೆಂಟರ ಹರೆಯದಲ್ಲಿ ಕಂಡವನು, ಹೊಟ್ಟೆಪಾಡಿಗೆ ದಾರಿಯಾಗುವವರೆಗೆ ಹತ್ತು ವರ್ಷಕ್ಕೂ ಮಿಕ್ಕಿ ಕಾದು, 1783ರ ಡಿಸೆಂಬರಿನಲ್ಲಿ ಬೆಕಲ್ಸ್ ಎಂಬ ಊರಿನಲ್ಲಿ ಅವಳನ್ನು ಮದುವೆಯಾದನು. ಏಳು ಮಕ್ಕಳಲ್ಲಿ ಉಳಿದವರು ಇಬ್ಬರು. ಆ ದುಃಖದಲ್ಲಿ ಅವಳ ಮನಸ್ಸಿನ ಹದ ತಪ್ಪಿತು. ವರ್ಷಗಳ ಕಾಲ ಅವನೇ ಆರೈಕೆ ಮಾಡಿದನು. 1813ರಲ್ಲಿ ಅವಳು ತೀರಿಕೊಂಡಳು. ಅವಳ ಮದುವೆಯುಂಗುರವನ್ನು ಒಂದು ಕಾಗದದಲ್ಲಿ ಸುತ್ತಿಟ್ಟಿದ್ದನು. ಸವೆದು ತೆಳುವಾದ ಆ ಉಂಗುರವನ್ನು ಕುರಿತು ನಾಲ್ಕು ಸಾಲು ಆ ಕಾಗದದ ಮೇಲೆಯೇ ಬರೆದಿದ್ದನು. ಅವನು ಸತ್ತ ಮೇಲೆ ಅದು ಮಕ್ಕಳಿಗೆ ಸಿಕ್ಕಿತು.

1837ರ ಜುಲೈ 1ರಿಂದ ಸರ್ಕಾರ ಹೊಸ ನಮೂನೆ ತಂದಿತು. ವಯಸ್ಸು, ಉದ್ಯೋಗ, ವಾಸಸ್ಥಳ, ಜೊತೆಗೆ ವರನ ತಂದೆಯ ಹೆಸರು, ಅವನ ಉದ್ಯೋಗ; ವಧುವಿನ ತಂದೆಯ ಹೆಸರು, ಅವನ ಉದ್ಯೋಗ. ತಾಯಿಗೆ ಅಂಕಣವಿಲ್ಲ. ಮಗಳ ಮದುವೆಯ ದಿನ ಬೆಳಗಿನ ಜಾವ ಎದ್ದು ಎಲ್ಲವನ್ನೂ ಹೊಂದಿಸಿದವಳಿಗೆ ಪುಸ್ತಕದಲ್ಲಿ ಎಡೆಯಿಲ್ಲ. ಎಂದೋ ಬಿಟ್ಟುಹೋದ ತಂದೆಗೆ ಇದೆ. ಇದು ಹೀಗೆಯೇ 184 ವರ್ಷ ನಡೆದು, 2021ರ ಮೇ 4ರಂದು ಮುಗಿಯಿತು. ಅಂದಿನಿಂದ ತಾಯಂದಿರ ಹೆಸರೂ ಸೇರಿದೆ. ಆದರೆ ಅದೇ ದಿನದಿಂದ ಪುಸ್ತಕವೇ ಇಲ್ಲ. ಒಂದು ಹಾಳೆಗೆ ಸಹಿ ಮಾಡಿಸಿ ಕಚೇರಿಗೆ ಕಳುಹಿಸಿದರೆ ಅಲ್ಲಿ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ತಾಯಿ ಒಳಗೆ ಬರುವಷ್ಟರಲ್ಲಿ ಮನೆಯೇ ಬದಲಾಗಿದ್ದಿತು.

ಇದನ್ನು ಕಾರಿನಲ್ಲಿ ಮಗಳಿಗೆ ಹೇಳಿದೆ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ, “ಅದಿರಲಿ ಅಪ್ಪ, ನಿಮ್ಮ ಅಜ್ಜಿಯ ತಾಯಿಯ ಹೆಸರೇನು?” ಎಂದಳು.

ಮುತ್ತಜ್ಜನ ಹೆಸರು ಹೇಳಿದೆ. ಅವನ ತಂದೆಯ ಹೆಸರು, ಗೋತ್ರಸೂತ್ರಗಳನ್ನೂ ಹೇಳಿದೆ. ಮುತ್ತಜ್ಜಿಯ ಹೆಸರು ಬರಲಿಲ್ಲ. ಮರೆತದ್ದಲ್ಲ, ಎಂದೂ ಕೇಳಿಯೇ ಇರಲಿಲ್ಲ. ಅಜ್ಜಿಯ ಕಡೆಯವರಲ್ಲಿ ಎಂಬತ್ತೈದು ದಾಟಿದ ಒಬ್ಬರು ಊರಿನಲ್ಲಿದ್ದಾರೆ. ಹಿಂದಿರುಗಿದ ವಾರವೇ ಅವರಿಗೊಂದು ಕಾಗದ ಬರೆದೆ. ಉತ್ತರ ಇನ್ನೂ ಬಂದಿಲ್ಲ.